ಗದ್ದೆ ಬಯಲಿನ ಮೂವತ್ತು-ನಲವತ್ತು

ಮಂಡ್ಯದ ಅಂಚಿನಲ್ಲಿ ಹೊಸ ಬಡಾವಣೆ ಎಲ್ಲಿ ಎದ್ದಿದೆ ಎಂದು ತಿಳಿಯಲು ಫಲಕ ಓದಬೇಕಾಗಿಲ್ಲ. ಜಲ್ಲಿ ಸುರಿದ ಮೂವತ್ತಡಿ ರಸ್ತೆ, ಎರಡೂ ಬದಿಗೆ ತಲೆಗೆ ಬಣ್ಣ ಬಳಿದುಕೊಂಡ ಗಡಿಕಲ್ಲು, ಇನ್ನೂ ತಂತಿ ಕಾಣದ ಲೈಟುಕಂಬ. ಕಲ್ಲುಗಳ ನಡುವೆ ಯಾರೂ ನೆಡದ ಕೂಳೆ ಕಬ್ಬು ಚಿಗುರಿ ನಿಂತಿದೆ. ಜೆಸಿಬಿ ಆಡಿಸಿದವನಿಗೆ ಗದ್ದೆಯ ಬದು ಅಳಿಸಲು ಸಾಧ್ಯವಾಯಿತೇ ಹೊರತು ಬೇರು ಕೀಳಲು ಆಗಿಲ್ಲ.

ಅರವತ್ತು ಸೈಟಿನ ಬಡಾವಣೆಯಲ್ಲಿ ಎದ್ದಿರುವುದು ಏಳೋ ಎಂಟೋ ಮನೆ. ಬೆಳಗಿನ ಆರೂವರೆಗೆ ಮೊದಲ ಮನೆಯ ಗೇಟು ತೆರೆಯುತ್ತದೆ. ಯಜಮಾನ ಪಕ್ಕದ ಖಾಲಿ ಸೈಟಿಗೆ ಹೋಗಿ ಹಸುವಿನ ಮುಂದೆ ಒಂದು ತೆಕ್ಕೆ ಹುಲ್ಲು ಹಾಕುತ್ತಾನೆ. ಸೈಟು ಯಾರದೋ, ಬೆಂಗಳೂರಿನಲ್ಲಿರುವವರದು. ಅವರು ಮನೆ ಕಟ್ಟುವವರೆಗೆ ಅದು ಕೊಟ್ಟಿಗೆ. ಎದುರು ಮನೆಯವರು ಅದೇ ಲೆಕ್ಕದಲ್ಲಿ ರಸ್ತೆಯ ಅರ್ಧಕ್ಕೆ ರಾಗಿ ಹರವುತ್ತಾರೆ. ಎಂಟು ಗಂಟೆಗೆ ಹಳದಿ ಸ್ಕೂಲ್ ವ್ಯಾನು ಬಂದು ರಾಗಿಯ ಅಂಚಿನಲ್ಲಿ ನಿಂತು ಹಾರನ್ ಹೊಡೆಯುತ್ತದೆ. ಟೈ ಕಟ್ಟಿದ ಹುಡುಗಿ ಓಡಿ ಬರುತ್ತಾಳೆ. ಅವಳ ಹಿಂದೆ ಟಿಫಿನ್ ಡಬ್ಬಿ ಹಿಡಿದ ಅಜ್ಜಿ. ಅಜ್ಜಿ ನಿನ್ನೆ ಸಂಜೆ ಊರಿಂದ ಬಂದದ್ದು, ಒಂದು ಚೀಲ ಅವರೆಕಾಯಿ, ಒಂದು ಕಟ್ಟು ಸೊಪ್ಪಿನ ಸಮೇತ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ಆಕೆಯ ಓಡಾಟಕ್ಕೆ ಲೆಕ್ಕ ಇಟ್ಟವರಿಲ್ಲ.

ಇಲ್ಲಿ ಮನೆ ಕೊಂಡವರಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದವರಲ್ಲ. ಊರಿನ ಜಮೀನು, ಊರಿನ ರಾಗಿ, ಊರಿನ ಜಗಳ ಎಲ್ಲವನ್ನೂ ಉಳಿಸಿಕೊಂಡೇ ಮಕ್ಕಳ ಓದಿಗಾಗಿ ಪೇಟೆಯಲ್ಲಿ ಒಂದು ಬಾಗಿಲು ಇಟ್ಟವರು. ಅದಕ್ಕೇ ಸೈಟು ನೋಡಲು ಬಂದವರು ಮೊದಲು ಕೇಳುವುದು ಚದರಡಿಯ ದರವನ್ನಲ್ಲ. “ಇಲ್ಲಿಂದ ನಮ್ಮೂರ್ ಬಸ್ಸು ಎಲ್ಲಿ ಸಿಕ್ತದೆ ಸಾ?”

ಮಂಡ್ಯ ಎಂಬ ನಗರವೇ ನಾಲೆಯ ಕೂಸು. ಕನ್ನಂಬಾಡಿಯ ನೀರು 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಗೆ, ಅಂದರೆ ಇಂದಿನ ವಿ.ಸಿ. ನಾಲೆಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರ ಜುಲೈ 1ರಂದು ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು. ನೌಕರರಿಗೆ, ಗುಮಾಸ್ತರಿಗೆ, ವಕೀಲರಿಗೆ ಮನೆ ಬೇಕಾಯಿತು. ಶುಗರ್ ಟೌನ್, ಗಾಂಧಿನಗರ, ಅಶೋಕನಗರ, ಸುಭಾಷ್‌ನಗರ, ವಿದ್ಯಾನಗರ ಬೆಳೆದವು. ಕೆ.ವಿ. ಶಂಕರಗೌಡರು 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತೆರೆದಮೇಲೆ ಸುತ್ತಲ ಹಳ್ಳಿಯ ಹುಡುಗರು ರೂಮು ಹುಡುಕಿ ಬಂದರು. ಅವರಲ್ಲಿ ಕೆಲವರು ಇಲ್ಲೇ ಮೇಷ್ಟ್ರಾಗಿ, ಗುತ್ತಿಗೆದಾರರಾಗಿ ಉಳಿದರು. ಊರು ಹಿಗ್ಗುತ್ತ ಗುತ್ತಲು, ಕಲ್ಲಹಳ್ಳಿ, ಹೊಸಹಳ್ಳಿಗಳನ್ನು ಒಳಕ್ಕೆ ಎಳೆದುಕೊಂಡಿತು. ಇವತ್ತಿಗೂ ಆ ಕಡೆಯ ಬೀದಿಗಳಲ್ಲಿ ಎರಡಂತಸ್ತಿನ ಮನೆಗಳ ನಡುವೆ ತಟ್ಟನೆ ಒಂದು ಅರಳಿಕಟ್ಟೆ, ಅದರ ಹಿಂದೆ ಮಾರಮ್ಮನ ಗುಡಿ ಎದುರಾಗುತ್ತದೆ. ಹಬ್ಬ ಬಂದರೆ ವಾರ್ಡು ಮತ್ತೆ ಹಳ್ಳಿಯಾಗುತ್ತದೆ.

ಈಗ ಸ್ವಲ್ಪ ಗಣಿತ. ಗುಂಟೆ ಎಂದರೆ 1,089 ಚದರಡಿ. ಮೂವತ್ತು-ನಲವತ್ತರ ಸೈಟು 1,200 ಚದರಡಿ, ಗುಂಟೆಗಿಂತ ಒಂದು ಹಿಡಿ ಜಾಸ್ತಿ. ಎಕರೆಗೆ ನಲವತ್ತು ಗುಂಟೆ. ಆದರೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪಡೆದು ಬಡಾವಣೆ ಮಾಡುವವನಿಗೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ (ಸಿ.ಎ.) ನಿವೇಶನ ಎಂದೆಲ್ಲ ಬಿಟ್ಟಮೇಲೆ ಕೈಗುಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಎಕರೆಗೆ ಇಪ್ಪತ್ತು ಸೈಟು ಎಂದಿಟ್ಟುಕೊಳ್ಳಿ. ಕಂದಾಯ ಜಮೀನನ್ನು ಹಾಗೇ ತುಂಡು ಮಾಡಿ ಮಾರುವವನಿಗೆ ಈ ತೊಂದರೆಯಿಲ್ಲ. ಇಪ್ಪತ್ತಡಿ ದಾರಿ ಬಿಟ್ಟರೆ ಆಯಿತು; ಪಾರ್ಕಿನ ಜಾಗದಲ್ಲೂ ಸೈಟು. ರೆವಿನ್ಯೂ ಸೈಟು ಅಗ್ಗವಾಗುವುದರ ಗುಟ್ಟು ಇದೇ. ಮಕ್ಕಳು ಆಡಬೇಕಾದ ನೆಲವನ್ನೂ ಸೇರಿಸಿ ಮಾರಿದ್ದರಿಂದ ಬಂದ ಅಗ್ಗ ಅದು. ಸಂಸಾರಸ್ಥರಿಗೆ ಹೇಳಿಮಾಡಿಸಿದ ಜಾಗ ಎಂದು ಕರಪತ್ರ ಹಂಚುವವರು ಇದನ್ನು ಮಾತ್ರ ಹೇಳುವುದಿಲ್ಲ.

ಅಗ್ಗಕ್ಕೆ ಕೊಂಡವರ ಪಾಡು ಕಚೇರಿಗಳಲ್ಲಿ ಗೊತ್ತಾಗುತ್ತದೆ. ಅನ್ಯಕ್ರಾಂತ ಆಗಿದೆಯೇ, ಹಳ್ಳಿಯ ಸ್ವತ್ತಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬರುತ್ತದೆಯೇ, ಪಟ್ಟಣದ್ದಾದರೆ ಇ-ಖಾತೆ ಇದೆಯೇ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದ ನಗರದ ಸ್ವತ್ತು ನೋಂದಣಿಯ ಬಾಗಿಲಲ್ಲೇ ನಿಲ್ಲುತ್ತದೆ. ಮೂಲ ಮಂಜೂರಾತಿ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಎದುರಾಗುತ್ತದೆ, ದಲಿತರಿಗೆ ಸರ್ಕಾರ ಕೊಟ್ಟ ಭೂಮಿ ಅನುಮತಿಯಿಲ್ಲದೆ ಕೈಬದಲಾಗಿದ್ದರೆ ಎಷ್ಟೋ ವರ್ಷದ ನಂತರವೂ ಹಿಂದಕ್ಕೆ ಹೋಗಬಹುದು, ಹೋಗಬೇಕಾದದ್ದೇ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದಮೇಲೆ ಚೀಟಿ ಎತ್ತಿ ಹಣ ಹೊಂದಿಸಿದ್ದವರು ಇನ್ನೊಂದು ಚೀಟಿಗೆ ಸೇರಬೇಕಾಯಿತು.

ಸಬ್‌ರಿಜಿಸ್ಟ್ರಾರ್ ಕಚೇರಿಯ ಅಂಗಳ ನೋಡಬೇಕು. ಮಂಡ್ಯದ್ದಾಗಲಿ ಮದ್ದೂರಿನದಾಗಲಿ, ದೃಶ್ಯ ಒಂದೇ. ಜಮೀನು ಮಾರುವ ಕಡೆಯವರು ಇಡೀ ಸಂಸಾರ ಸಮೇತ ಬಂದಿರುತ್ತಾರೆ. ವಂಶವೃಕ್ಷದಲ್ಲಿ ಹೆಸರಿರುವವರೆಲ್ಲ ಬರಲೇಬೇಕು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದ್ದರಿಂದ ಕೊಳ್ಳುವವನ ವಕೀಲರು ಮೊದಲು ಹುಡುಕುವುದು ಅಕ್ಕತಂಗಿಯರ ಸಹಿಯನ್ನೇ. ಅವರು ಮಳವಳ್ಳಿಯಿಂದ, ಹಲಗೂರಿನಿಂದ ಬಸ್ಸಿಳಿದು, ಸೆರಗಿನಲ್ಲಿ ಆಧಾರ್ ಕಾರ್ಡು ಕಟ್ಟಿಕೊಂಡು ಬಂದು ಬೇವಿನ ಮರದ ಕೆಳಗೆ ಕೂತಿರುತ್ತಾರೆ. ತಮ್ಮ ಕಾಫಿ ತಂದು ಕೊಡುತ್ತಾನೆ. ಅಕ್ಕ ಕೈ ಚಾಚುವುದಿಲ್ಲ.

“ಗೌರಿ ಹಬ್ಬಕ್ಕೆ ಒಂದ್ ಸೀರೆ ತರ್ನಿಲ್ಲ. ಈಗ ಸೈನಿಗೆ ಮಾತ್ರ ಅಕ್ಕ ಬೇಕಾದ್ಲಾ?”

“ಬುಡಕ್ಕ, ಇಷ್ಟು ಜನದ್ ಮುಂದೆ...”

“ಜನದ್ ಮುಂದೇನೇ ಕೇಳ್ತೀನಿ ಕಣ್ಲಾ.”

ಸೈಟು ಕೊಳ್ಳಲು ಬಂದ ಪ್ರೈಮರಿ ಶಾಲೆಯ ಮೇಷ್ಟ್ರು ದೂರದಲ್ಲಿ ನಿಂತು ಈ ಮಾತುಕತೆ ಎತ್ತ ತಿರುಗುತ್ತದೋ ಎಂದು ಉಸಿರು ಬಿಗಿಹಿಡಿದಿರುತ್ತಾರೆ. ಅವರ ಪಿ.ಎಫ್. ಸಾಲ, ಹೆಂಡತಿಯ ಸರ, ಮಾವನ ಕೈಗಡ ಎಲ್ಲವೂ ಈಗ ಆ ಅಕ್ಕನ ಹೆಬ್ಬೆಟ್ಟಿನ ಮೇಲೆ ನಿಂತಿದೆ. ಅಕ್ಕ ಕೊನೆಗೆ ಕಾಫಿ ಕುಡಿಯುತ್ತಾಳೆ, ಒಳಗೆ ಹೋಗಿ ಕ್ಯಾಮೆರಾ ನೋಡುತ್ತಾಳೆ, ಯಂತ್ರದ ಮೇಲೆ ಬೆರಳಿಡುತ್ತಾಳೆ. ಗದ್ದೆ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಎರಡು ಮೂರು ಸಲ ಒಪ್ಪುವುದಿಲ್ಲ. ಆಮೇಲೆ ಒಪ್ಪುತ್ತದೆ.

ಕಟ್ಟಲು ಹೊರಟಾಗ ಗದ್ದೆ ತನ್ನ ಗುಣ ತೋರಿಸುತ್ತದೆ. ದಶಕಗಳ ಕಾಲ ನೀರು ನಿಂತ ಜೇಡಿಮಣ್ಣು ಪಾಯವನ್ನು ಸುಲಭಕ್ಕೆ ಹೊರುವುದಿಲ್ಲ. ಗಾರೆ ಮೇಸ್ತ್ರಿ ಗುಂಡಿ ತೋಡಿಸಿ ನೋಡಿ, ಸೈಜುಗಲ್ಲಿನ ಪಾಯ ಸಾಲದು, ಪಿಲ್ಲರ್ ಹಾಕಬೇಕು ಎನ್ನುತ್ತಾನೆ. ರಸ್ತೆಯ ಮಟ್ಟಕ್ಕೆ ಎತ್ತರಿಸಲು ಹತ್ತಾರು ಲೋಡು ಗ್ರಾವೆಲ್ಲು. ಸೈಟಿನಲ್ಲಿ ಉಳಿಸಿದ ಹಣ ನೆಲದೊಳಕ್ಕೆ ಇಳಿಯುತ್ತದೆ. ಹನ್ನೆರಡು ಚದರದ ಮನೆ ಎಂದು ಹೊರಟವರು ಹತ್ತಕ್ಕೆ ಇಳಿದು, ಮೇಲಂತಸ್ತಿಗೆ ಕಂಬಿ ಬಿಟ್ಟು ನಿಲ್ಲಿಸುತ್ತಾರೆ. ಮಂಡ್ಯದ ತಾರಸಿಗಳ ಮೇಲೆ ತುಕ್ಕು ಹಿಡಿದು ಚಾಚಿ ನಿಂತ ಆ ಕಂಬಿಗಳೆಲ್ಲ ಮಗನ ಮದುವೆಗೆ ಕಾಯುತ್ತಿರುವವು.

ಮದ್ದೂರಿನ ಲೆಕ್ಕ ಬೇರೆ. ಅದು ರೈಲಿನ ಊರು. (ವಡೆಯ ವಿಷಯ ಬಿಡಿ, ಬೇಕಾದಷ್ಟು ಬರೆದಾಗಿದೆ.) ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಸುಮಾರು 80 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಪಾಸಿನವರಿಗೆ ಸ್ಟೇಷನ್ನಿಗೆ ಸೈಕಲ್ ದೂರದಲ್ಲಿ ಮನೆಯಿದ್ದರೆ ಅದೇ ಸ್ವರ್ಗ. ಲೀಲಾವತಿ ಬಡಾವಣೆಯಂಥ ಕಡೆ ಬಾಡಿಗೆ ಮನೆಗೆ ಬರವಿರುವುದು ಅದಕ್ಕೇ. 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದಮೇಲೆ ಬಡಾವಣೆಯ ಫಲಕಗಳಲ್ಲಿ ಬೆಂಗಳೂರು ಒಂದು ಗಂಟೆಯಷ್ಟು ಹತ್ತಿರ ಬಂತು. ಅದೇ ವರ್ಷದ ಆಗಸ್ಟ್ 1ರಿಂದ ಆ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಸೈಟು ಕೊಳ್ಳುವವರಲ್ಲಿ ಬಹುಪಾಲು ಬೈಕಿನವರು. ಫಲಕದ ಆ ಒಂದು ಗಂಟೆ ಅವರದಲ್ಲ. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಮಾತ್ರ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ, ಕಾರ್ಖಾನೆಯ ಬಸ್ಸು ಬಂದು ನಿಲ್ಲುವ ತಿರುವಿನಲ್ಲೇ ಇಪ್ಪತ್ತು-ಮೂವತ್ತರ ಸೈಟು ವಿಚಾರಿಸುತ್ತಾರೆ. ರೈಲಿನವರು, ಬೈಕಿನವರು, ಈ ಹೆಣ್ಣುಮಕ್ಕಳು, ಮೂವರಲ್ಲಿ ಬುದ್ಧಿವಂತ ಕೊಳ್ಳುವವರು ಯಾರೆಂದು ಕೇಳಿದರೆ ನಾನು ಹೆಣ್ಣುಮಕ್ಕಳ ಕಡೆಗೇ ಬೆರಳು ತೋರಿಸುವೆ.

ಮಳವಳ್ಳಿಗೆ ರೈಲಿಲ್ಲ. ಕನಕಪುರದ ರಸ್ತೆ, ಮೈಸೂರು ರಸ್ತೆ, ಕೊಳ್ಳೇಗಾಲದ ರಸ್ತೆ ಕೂಡುವ ಪೇಟೆ. ನಾಲೆಯ ನೀರು ಕೊನೆಗೆ ತಲುಪುವ ಕಡೆ, ತಲುಪದಿದ್ದರೆ ಹೋರಾಟ ಕಟ್ಟುವ ಕಡೆ. ಅದಕ್ಕೆ ತಕ್ಕಂತೆ ನೆಲದ ಬೆಲೆಯೂ ಇಳಿಯುತ್ತದೆ. ಹಳೆ ಬೀದಿಗಳಲ್ಲಿ ನಾಡಹೆಂಚಿನ ತೊಟ್ಟಿಮನೆಗಳು ಇನ್ನೂ ಒಂದೆರಡು ಉಳಿದಿವೆ; ಪಾಲಾಗಿ ಪಾಲಾಗಿ ನಡುತೊಟ್ಟಿಗೇ ಗೋಡೆ ಬಂದಿದೆ. ರೇಷ್ಮೆ ಸಾಕಿದ ಮನೆಗಳಲ್ಲಿ ಮನುಷ್ಯರಿಗಿಂತ ಹುಳುವಿಗೆ ಒಳ್ಳೆಯ ಕೋಣೆ. ಅಂಥ ಮನೆಯಲ್ಲಿ ಬೆಳೆದವನು ಬಡಾವಣೆಯಲ್ಲಿ ಹೊಸ ಮನೆ ಕಟ್ಟಿದಾಗಲೂ ಗಾಳಿಯಾಡುವ ಒಂದು ಉದ್ದನೆಯ ಕೋಣೆ ಇಡಿಸುತ್ತಾನೆ. ಹುಳುವಿನ ಬದಲು ಬಾಡಿಗೆಯವರು ಬರುತ್ತಾರೆ. ಈ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಪೇಟೆಯ ಹೊಸ ಬಡಾವಣೆಯವರು ಇಂದಿಗೂ ಟ್ರಾನ್ಸ್‌ಫಾರ್ಮರ್ ಕೂರಿಸಿಕೊಡಿ ಎಂದು ಅರ್ಜಿ ಹಿಡಿದು ಓಡಾಡುತ್ತಾರೆ.

ಕೊಳ್ಳಲಾಗದವರಿಗೆ ಭೋಗ್ಯವಿದೆ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ಹಣ ವಾಪಸು. ಆ ಹಣದಲ್ಲೇ ಮಾಲೀಕ ಮಗಳ ಮದುವೆ ಮಾಡಿರುತ್ತಾನೆ. ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದವನು ಸಿಗುವವರೆಗೆ ಇವರು ಹೊರಡುವಂತಿಲ್ಲ. ಆದರೆ ಹಣವಿದ್ದರೂ ಬಾಗಿಲು ತೆರೆಯದ ಮನೆಗಳಿವೆ. “ಯಾವ ಕಡೆಯೋರು?” ಎಂಬ ಪ್ರಶ್ನೆ ಊರನ್ನು ಕೇಳುತ್ತಿಲ್ಲ ಎಂಬುದು ಕೇಳುವವನಿಗೂ ಗೊತ್ತು, ಉತ್ತರಿಸುವವನಿಗೂ ಗೊತ್ತು. 2024ರ ಡಿಸೆಂಬರ್‌ನಲ್ಲಿ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕೇಬೇಕೆಂದು ಗಟ್ಟಿಯಾಗಿ ಕೇಳಿದ ಮಂಡ್ಯದಲ್ಲೇ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಹಾಳೆ ಗೇಟುಗಳ ಮೇಲೆ ತೂಗುತ್ತದೆ. ಕೊಂಡು ಕಟ್ಟುವುದೆಂದರೆ ಎಷ್ಟೋ ಜನಕ್ಕೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ಕೂಡ.

ಗೃಹಪ್ರವೇಶದ ದಿನ ಹಾಲು ಉಕ್ಕುತ್ತದೆ, ಹಸು ಟೈಲ್ಸಿನ ಮೇಲೆ ಕಾಲು ಜಾರಿ ಒಳಗೆ ಬರಲೊಲ್ಲೆನೆಂದು ಹಟ ಹಿಡಿಯುತ್ತದೆ. ಅಂದು ಪಾಯಸದ ಊಟ. ಮುದ್ದೆ, ಬಾಡಿನ ಊಟ ಮುಂದಿನ ಭಾನುವಾರ, ಎದುರಿನ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ. ಊರಿಂದ ಎರಡು ಟೆಂಪೊ ಜನ ಬಂದಿಳಿಯುತ್ತಾರೆ. ಮನೆ ನೋಡಿ, ಅಡುಗೆಮನೆ ಕಿರಿದಾಯಿತೆಂದು ಹೇಳಿ, ಪಂಕ್ತಿಯಲ್ಲಿ ಕೂರುತ್ತಾರೆ. ಎರಡನೇ ಮುದ್ದೆ ಮುರಿಯುತ್ತ ಮನೆಯೊಡೆಯನ ಷಡ್ಡಕ, ಬಡಿಸುತ್ತಿದ್ದವನನ್ನು ಹತ್ತಿರ ಕರೆಯುತ್ತಾನೆ.

“ನಾವು ಕೂತಿರೋ ಸೈಟು ಯಾರ್ದಣ್ಣ? ಕೊಟ್ಟಾರಾ?”