ಕಬ್ಬು ಕಡಿಯುವ ಹೆಣ್ಣಾಳುಗಳ ಯೋಗಕ್ಷೇಮ

ದೀಪಾವಳಿಯು ಕಳೆಯುತ್ತಲೇ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿನ ಹೊಲಗಳಿಗೆ ಪರಸ್ಥಳದ ಆಳುಗಳು ತಂಡತಂಡವಾಗಿ ಬಂದಿಳಿಯುತ್ತಾರೆ. ಮಹಾರಾಷ್ಟ್ರದ ಬೀಡ ಜಿಲ್ಲೆಯವರೂ ವಿಜಯಪುರದ ತಾಂಡಾಗಳವರೂ ಇವರಲ್ಲಿರುತ್ತಾರೆ. ಗಂಡಹೆಂಡಿರ ಜೋಡಿಯನ್ನು ಒಂದೇ ‘ಕೋಯ್ತಾ’ ಎಂದೆಣಿಸಿ ಮುಕಾದಮನು ಮುಂಗಡವನ್ನು ಮೊದಲೇ ಕೊಟ್ಟಿರುತ್ತಾನೆ. ಸೋಗೆಯನ್ನು ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಬಂಡಿಗೆ ಸಾಗಿಸುವವಳು ಹೆಂಡತಿ. ಆದರೂ ಲೆಕ್ಕದಲ್ಲಿ ಅವಳ ಹೆಸರಿಲ್ಲ, ಕೂಲಿಯು ಅವಳ ಕೈಸೇರುವುದೂ ಅಪರೂಪ.

ಒಂದು ದಿನ ಕೆಲಸ ತಪ್ಪಿದರೂ ದಂಡ ತೆರಬೇಕಾದ ಈ ಪದ್ಧತಿಯ ಕೇಡು ಅಲ್ಪವಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರವು ನಡೆಸಿದ ವಿಚಾರಣೆಯಲ್ಲಿ, ಬೀಡ ಜಿಲ್ಲೆಯ 82,309 ಮಂದಿ ಕಬ್ಬು ಕಡಿಯುವ ಹೆಂಗಸರ ಪೈಕಿ 13,861 ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದುದು ಕಂಡುಬಂದಿತು. ವಿಶ್ರಾಂತಿಯಿಲ್ಲದ ದುಡಿಮೆ, ಶೌಚಕ್ಕೆ ಮರೆಯಿಲ್ಲದ ಬಿಡಾರ, ದಂಡದ ಭಯ ಇವು ಇದರ ಕಾರಣಗಳಲ್ಲಿ ಸೇರಿವೆ.

ಇದರಲ್ಲಿ ಭೂಮಾಲಿಕರ ಹಿತವೂ ಅಡಗಿದೆ. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ನುರಿಸದಿದ್ದಲ್ಲಿ ತೂಕವೂ ಸಕ್ಕರೆಯ ಅಂಶವೂ ಇಳಿಯುವುವು. ಬುಡವನ್ನು ನೆಲಮಟ್ಟಕ್ಕೆ ಕಡಿಯದಿದ್ದರೆ ಸಿಹಿಯಾದ ಭಾಗವು ಹೊಲದಲ್ಲಿಯೇ ಉಳಿದು, ಕೂಳೆ ಬೆಳೆಯೂ ಕೆಡುವುದು. ಬಳಲಿದ ಆಳುಗಳಿಂದ ಇಂತಹ ಎಚ್ಚರಿಕೆಯನ್ನು ನಿರೀಕ್ಷಿಸಲಾಗದು. ಹೆಂಡತಿಯು ಹಾಸಿಗೆ ಹಿಡಿದರೆ ಕೋಯ್ತಾವೇ ನಿಲ್ಲುವುದು. ಕಡಿದ ಕಬ್ಬು ಬಿಸಿಲಿನಲ್ಲಿ ಒಣಗುವುದು.

ಆದಕಾರಣ ಭೂಮಾಲಿಕರೂ ಗ್ರಾಮದ ಮುಖ್ಯಸ್ಥರೂ ಹಂಗಾಮಿಗೆ ಮುಂಚಿತವಾಗಿಯೇ ಈ ಏರ್ಪಾಡುಗಳನ್ನು ಮಾಡತಕ್ಕದ್ದು:

1. ಬಿಡಾರದ ಬಳಿ ಶುದ್ಧ ನೀರು, ಬಾಗಿಲುಳ್ಳ ಶೌಚಗೃಹ, ರಾತ್ರಿ ದೀಪ ಇವನ್ನು ಒದಗಿಸುವುದು.

2. ಹೆಂಗಸಿನ ಹೆಸರನ್ನು ಪ್ರತ್ಯೇಕವಾಗಿ ಬರೆದು, ಅವಳ ಪಾಲಿನ ಕೂಲಿಯನ್ನು ಅವಳ ಕೈಗೇ ಅಥವಾ ಅವಳ ಬ್ಯಾಂಕಿನ ಖಾತೆಗೇ ಸಲ್ಲಿಸುವಂತೆ ಮುಕಾದಮನೊಡನೆ ಕರಾರು ಮಾಡಿಕೊಳ್ಳುವುದು. ಕೂಲಿಯಲ್ಲಿ ಹೆಣ್ಣುಗಂಡೆಂಬ ಭೇದವನ್ನು 1976ರ ಶಾಸನವು ನಿಷೇಧಿಸಿತ್ತು; 2019ರ ವೇತನ ಸಂಹಿತೆಯೂ ನಿಷೇಧಿಸಿದೆ.

3. ಬಸುರಿಗೂ ರೋಗಿಗೂ ದಂಡ ವಿಧಿಸಗೊಡದಿರುವುದು. ಹೆರಿಗೆಯ ಬಳಿಕ ಆರು ವಾರ ದುಡಿಸಕೂಡದೆಂದು 1961ರ ಶಾಸನವು ಕಾರ್ಖಾನೆಗಳಿಗೆ ವಿಧಿಸಿದ ನಿಯಮವನ್ನು ಹೊಲದಲ್ಲಿಯೂ ಪಾಲಿಸುವುದು.

4. ಬಂದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೂ ಅಂಗನವಾಡಿಗೂ ಕೊಟ್ಟು, ಎಳೆಯ ಮಕ್ಕಳಿಗೆ ಆಹಾರ ದೊರೆಯುವಂತೆ ಮಾಡುವುದು. ಸ್ವಂತ ಊರಿನ ಪಡಿತರ ಚೀಟಿಯ ಮೇಲೆಯೇ ಇಲ್ಲಿಯೂ ಧಾನ್ಯವನ್ನು ಪಡೆಯಬಹುದೆಂದು ತಿಳಿಸಿ, 2021ರಲ್ಲಿ ಆರಂಭವಾದ ಇ-ಶ್ರಮ ದಾಖಲೆಯಲ್ಲಿ ಹೆಸರು ಬರೆಸಿಕೊಡುವುದು.

ಇವುಗಳಿಗೆ ತಗಲುವ ವೆಚ್ಚವು ಒಣಗಿದ ಕಬ್ಬಿನ ನಷ್ಟದ ಮುಂದೆ ಹೆಚ್ಚಿನದಲ್ಲ. ನೀರೂ ನೆರಳೂ ನ್ಯಾಯವಾದ ಕೂಲಿಯೂ ದೊರೆತ ಊರನ್ನು ಆಳುಗಳು ಮರೆಯುವುದಿಲ್ಲ. ಮರುವರ್ಷ ಕಡಿಯುವವರ ಅಭಾವವು ತಲೆದೋರಿದಾಗ ಅವರು ಮೊದಲು ಅರಸಿ ಬರುವುದು ಆ ಊರನ್ನೇ.