ಮೋಲ್ ಲೆಕ್ಕದಲ್ಲಿ ನಮ್ಮ ಮಕ್ಕಳು ಎಡವುವ ಎಡೆಗಳು

ರಸಾಯನಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುವ ಉಪಾಧ್ಯಾಯರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸಮೀಕರಣವನ್ನು ತಪ್ಪಿಲ್ಲದೆ ಬರೆದ ಹುಡುಗನೇ ಅದರ ಕೆಳಗಿನ ಲೆಕ್ಕದಲ್ಲಿ ಎಡವಿರುತ್ತಾನೆ. ಗುಣಾಕಾರ ಭಾಗಾಕಾರಗಳಲ್ಲಿ ದೋಷವಿರುವುದಿಲ್ಲ. ಮೋಲ್ ಎಂದರೇನೆಂಬ ಕಲ್ಪನೆಯಲ್ಲಿಯೇ ಇರುತ್ತದೆ. ಇಲ್ಲಿ ಸೋತ ಮಕ್ಕಳು ಮುಂದೆ ವಿಜ್ಞಾನದ ಗೊಡವೆಯೇ ಬೇಡವೆಂದು ದೂರ ಸರಿಯುವುದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೋಲ್ ತೂಕವಲ್ಲ, ಎಣಿಕೆ. ಡಜನ್ ಎಂದರೆ 12 ಆಗುವಂತೆ ಮೋಲ್ ಎಂದರೆ 6.022 × 10²³ ಕಣಗಳು. ಮೊದಲು ಇದನ್ನು 12 ಗ್ರಾಂ ಇಂಗಾಲ-12ರಲ್ಲಿರುವ ಪರಮಾಣುಗಳ ಎಣಿಕೆಯೆಂದು ನಿರೂಪಿಸುತ್ತಿದ್ದರು. 2019ರ ಮೇ 20ರಿಂದ ಸಂಖ್ಯೆಯನ್ನೇ ನೇರವಾಗಿ ಗೊತ್ತುಪಡಿಸಲಾಗಿದೆ. ಒಂದು ಡಜನ್ ಎಲೆಕೋಸಿಗೂ ಒಂದು ಡಜನ್ ಬಟಾಣಿಕಾಳಿಗೂ ತೂಕ ಒಂದೇ ಅಲ್ಲವೆಂದು ನೀಲಗಿರಿಯ ಮಕ್ಕಳಿಗೆ ಕಲಿಸಬೇಕಾಗಿಲ್ಲ. ಆದರೂ ಸಮೀಕರಣ ಕಂಡೊಡನೆ ಅದನ್ನು ಮರೆಯುತ್ತಾರೆ.

ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ಹಿರಿಯರು ಬಲ್ಲರು. ಫಿಲ್ಮಿನ ಮೇಲೆ ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣ. ಸಿಲ್ವರ್ ನೈಟ್ರೇಟಿಗೆ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿದರೆ ಸಿಲ್ವರ್ ಬ್ರೋಮೈಡ್ ಒತ್ತರಿಸುತ್ತದೆ. ಒಂದಕ್ಕೆ ಒಂದು ಎಂದು ಸಮೀಕರಣ ಹೇಳುತ್ತದೆ. ಹುಡುಗ 170 ಗ್ರಾಮಿಗೆ 170 ಗ್ರಾಂ ಬೆರೆಸುತ್ತಾನೆ! ಆದರೆ 170 ಗ್ರಾಂ ನೈಟ್ರೇಟಿಗೆ ಬೇಕಾದದ್ದು 119 ಗ್ರಾಂ ಬ್ರೋಮೈಡ್ ಮಾತ್ರ. ಉಳಿದ 51 ಗ್ರಾಂ ವ್ಯರ್ಥ. ದೊರೆಯುವುದು 188 ಗ್ರಾಂ ಸಿಲ್ವರ್ ಬ್ರೋಮೈಡ್, 101 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಎರಡೂ ಕಡೆ ಕೂಡಿದರೆ 289.

ಒಂದು ಮೋಲ್ ಆಮ್ಲಜನಕವೆಂದರೆ 16 ಗ್ರಾಮೋ 32 ಗ್ರಾಮೋ ಎಂಬ ತೊಡಕೂ ಉಂಟು. ಪರಮಾಣುವೋ ಅಣುವೋ ಎಂದು ಮೊದಲು ಕೇಳಿದರೆ ಅದು ಬಿಡಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹಟಮಾರಿಯಾದದ್ದು 22.4 ಲೀಟರಿನ ಮಂತ್ರ. ನೀರಿಗೂ ಅದನ್ನೇ ಹಚ್ಚುವವರಿದ್ದಾರೆ. ಒಂದು ಮೋಲ್ ನೀರು 18 ಗ್ರಾಂ, ಅಂದರೆ ಬರಿಯ 18 ಮಿಲಿಲೀಟರ್, ಎರಡು ಗುಟುಕು! ಅನಿಲಕ್ಕಾದರೂ ಆ ಸಂಖ್ಯೆ 0 ಡಿಗ್ರಿ ಉಷ್ಣತೆ, 760 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಮಾತ್ರ ಸಲ್ಲುತ್ತದೆ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಒತ್ತಡ 580 ಮಿಲಿಮೀಟರಿನ ಆಸುಪಾಸು. 15 ಡಿಗ್ರಿಯ ದಿನ ಅಲ್ಲಿ ಒಂದು ಮೋಲ್ ಅನಿಲ ಸುಮಾರು 31 ಲೀಟರ್ ಜಾಗ ಹಿಡಿಯುತ್ತದೆ. ಸಾವಿರ ಮೀಟರಿನ ಸುಮಾರಿನಲ್ಲಿರುವ ಗೂಡಲೂರು, ಮಸಿನಗುಡಿಗಳಲ್ಲಿ 25 ಡಿಗ್ರಿಗೆ ಇಪ್ಪತ್ತೇಳೂವರೆ ಲೀಟರ್. ಅಣುಗಳ ಎಣಿಕೆ ಮಾತ್ರ ಎಲ್ಲೆಡೆಯೂ ಅದೇ.

ಇದನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗಿ, "ಸಾರ್, ಹಾಗಾದರೆ ಪುಸ್ತಕ ತಪ್ಪೇ?" ಎಂದಳು. ತಪ್ಪಲ್ಲ, ಪುಸ್ತಕದ ಆ ಸಾಲಿನ ಪಕ್ಕದಲ್ಲಿ ಉಷ್ಣತೆ, ಒತ್ತಡಗಳ ಷರತ್ತು ಅಚ್ಚಾಗಿಯೇ ಇತ್ತು. ನಾವು ಬಾಯಿಪಾಠ ಮಾಡಿಸುವಾಗ ಅದನ್ನು ಬಿಟ್ಟಿದ್ದೆವು.