ಬೆಂಕಿ ಹಚ್ಚಿ ತಂಪು ಮಾಡುವ ಮನೆ

ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. ಚಳಿಗಾಲವಿಡೀ ಮನೆಯ ಪಕ್ಕ ಹೊದಿಕೆಯಡಿ ನಿಂತಿದ್ದ ಟ್ರಾವೆಲ್ ಟ್ರೇಲರ್‌ಗಳು ಆ ವಾರ ರಸ್ತೆಗಿಳಿಯುತ್ತವೆ. ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಈ ಪುಟ್ಟ ಮನೆಯಲ್ಲಿ ಒಲೆ, ಫ್ರಿಜ್, ಗೀಸರ್, ಕೋಣೆ ಬೆಚ್ಚಗಿಡುವ ಫರ್ನೇಸ್, ಏಸಿ ಎಲ್ಲವೂ ಇರುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಎರಡು ರಾತ್ರಿಯ ಮಟ್ಟಿಗೆ ಟ್ರೇಲರ್ ಬಾಡಿಗೆಗೆ ಹಿಡಿದು ಟಾಹೋ ಸರೋವರದ ಕಡೆಗೋ ಯೋಸೆಮಿಟಿಗೋ ಹೊರಡುವವರಿದ್ದಾರೆ.

ಮೊದಲ ಸಲ ಹೊರಡುವವರು ಬಟ್ಟೆ, ತಿಂಡಿ, ಹಾಸಿಗೆಗಳ ಬಗ್ಗೆ ಬೇಕಾದಷ್ಟು ಯೋಚಿಸುತ್ತಾರೆ. ಯಂತ್ರಗಳನ್ನು ಮಾತ್ರ ಹೋದಮೇಲೆ ಸ್ವಿಚ್ ಒತ್ತಿದರಾಯಿತು ಎಂದುಕೊಳ್ಳುತ್ತಾರೆ. ಮನೆಯ ಯಂತ್ರಗಳ ಬೆನ್ನಿಗೆ ಊರಿನ ವಿದ್ಯುತ್ ಜಾಲವಿದೆ, ನಲ್ಲಿ ನೀರಿದೆ. ಟ್ರೇಲರಿಗೆ ಇರುವುದು ಮೂರೇ ಆಸ್ತಿ: ಮುಂಭಾಗದಲ್ಲಿ ಒಂದೋ ಎರಡೋ ಪ್ರೊಪೇನ್ ಸಿಲಿಂಡರ್, ಅದರ ಪಕ್ಕ 12 ವೋಲ್ಟಿನ ಬ್ಯಾಟರಿ, ಮತ್ತೊಂದು ನೀರಿನ ಟ್ಯಾಂಕು. ಇಡೀ ಸಂಸಾರ ಈ ಮೂರರ ಮೇಲೆ ನಡೆಯಬೇಕು. ಹೀಗಾಗಿ ಇಲ್ಲಿನ ಒಂದೊಂದು ಯಂತ್ರವೂ ಇನ್ನೊಂದರ ಮೇಲೆ ಒರಗಿ ನಿಂತಿದೆ. ಯಾವುದು ಯಾವುದರ ಮೇಲೆ ಒರಗಿದೆ ಎಂದು ತಿಳಿದರೆ ತಯಾರಿಯ ಕ್ರಮವೂ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಚಾಲೂ ಮಾಡಬೇಕಾದದ್ದು ಫ್ರಿಜ್. ಅದೂ ಹಿಂದಿನ ದಿನವೇ.

ಮೋಟಾರ್ ಇಲ್ಲದ ಫ್ರಿಜ್

ಟ್ರೇಲರಿನ ಹೊರಗೋಡೆಯಲ್ಲಿ, ಫ್ರಿಜ್ಜಿನ ಬೆನ್ನಿಗೆ ಸರಿಯಾಗಿ, ಸೀಳುಗಂಡಿಗಳಿರುವ ಒಂದು ಮುಚ್ಚಳವಿರುತ್ತದೆ. ಅದನ್ನು ಕಳಚಿ ನೋಡಿ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಗುಂಯ್‌ಗುಡುವ ಕಂಪ್ರೆಸರ್ ಇಲ್ಲಿಲ್ಲ. ಕಪ್ಪು ಬಣ್ಣ ಬಳಿದ ಉಕ್ಕಿನ ಕೊಳವೆಗಳು ಸುತ್ತಿ ಬಳಸಿ ಮೇಲಿನಿಂದ ಕೆಳಗಿನವರೆಗೆ ಇಳಿದಿವೆ. ತಳದಲ್ಲಿ, ತಗಡಿನ ಮರೆಯಲ್ಲಿ, ಒಂದು ಸಣ್ಣ ನೀಲಿ ಜ್ವಾಲೆ ಉರಿಯುತ್ತದೆ. ಒಳಗಿನ ಹಾಲು, ಮೊಸರು, ಐಸನ್ನು ತಣ್ಣಗಿಡುವುದು ಈ ಜ್ವಾಲೆಯೇ.

ಇದು ಅಬ್ಸಾರ್ಪ್‌ಷನ್ ಫ್ರಿಜ್, ಅಂದರೆ ಹೀರಿಕೆಯ ತತ್ವದ ಫ್ರಿಜ್. ಅಮೋನಿಯ ಮತ್ತು ನೀರನ್ನು ಬಳಸಿ ತಂಪು ಮಾಡುವ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲೇ ರೂಪಿಸಿದ್ದ. ಚಲಿಸುವ ಭಾಗ ಒಂದೂ ಇಲ್ಲದ ಮಾದರಿಯನ್ನು 1922ರಲ್ಲಿ ಕೊಟ್ಟವರು ಸ್ಟಾಕ್‌ಹೋಮಿನ ತಾಂತ್ರಿಕ ಸಂಸ್ಥೆಯ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ವಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ ಇಲ್ಲದ ಊರುಗಳಲ್ಲಿ ಲಸಿಕೆಗಳನ್ನು ಕಾಪಾಡಿದ ಸೀಮೆಎಣ್ಣೆ ಫ್ರಿಜ್‌ಗಳು ಇದೇ ವಂಶದವು. ಹೋಟೆಲ್ ಕೋಣೆಗಳಲ್ಲಿ ಸದ್ದಿಲ್ಲದೆ ಕೂರುವ ಮಿನಿ ಫ್ರಿಜ್‌ಗಳಲ್ಲೂ ಈ ವಂಶದವು ಇವೆ.

ಬೆಂಕಿಯಿಂದ ತಂಪು ಹೇಗೆ? ಆ ಕೊಳವೆಗಳೊಳಗೆ ಮೂರು ವಸ್ತುಗಳಿವೆ: ನೀರು, ಅಮೋನಿಯ ಮತ್ತು ಹೈಡ್ರೋಜನ್. ಕೊಳವೆಗಳನ್ನು ಬೆಸುಗೆ ಹಾಕಿ ಮುಚ್ಚಲಾಗಿದೆ; ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ತಳದ ಜ್ವಾಲೆ ಅಮೋನಿಯ ಬೆರೆತ ನೀರನ್ನು ಕಾಯಿಸಿದಾಗ ಅಮೋನಿಯ ಗುಳ್ಳೆಗಳಾಗಿ ಹೊರಬರುತ್ತದೆ. ಅನ್ನದ ಗಂಜಿ ಕುದಿದು ಮುಚ್ಚಳದವರೆಗೆ ಉಕ್ಕುವಂತೆ, ಈ ಗುಳ್ಳೆಗಳು ಸಪೂರ ಕೊಳವೆಯಲ್ಲಿ ನೀರನ್ನೂ ತಳ್ಳಿಕೊಂಡು ಮೇಲೇರುತ್ತವೆ. ಇಡೀ ಯಂತ್ರಕ್ಕೆ ಇದೇ ಪಂಪು. ಮೇಲೆ ತಲುಪಿದ ನೀರು ಒಂದು ದಾರಿ ಹಿಡಿದು ಕೆಳಗಿಳಿಯುತ್ತದೆ. ಅಮೋನಿಯ ಅನಿಲ ಮೇಲ್ತುದಿಯ ರೆಕ್ಕೆರೆಕ್ಕೆಯ ಕೊಳವೆಗೆ ಹೋಗಿ, ಶಾಖ ಬಿಟ್ಟುಕೊಟ್ಟು, ದ್ರವವಾಗುತ್ತದೆ.

ಮುಂದಿನ ಹಂತ ವಾನ್ ಪ್ಲಾಟನ್ ಮತ್ತು ಮುಂಟರ್ಸ್ ಅವರ ಜಾಣ್ಮೆ. ದ್ರವ ಅಮೋನಿಯ ಫ್ರಿಜ್ಜಿನೊಳಗಿನ ಕೊಳವೆಗೆ ಇಳಿದಾಗ ಅಲ್ಲಿ ಹೈಡ್ರೋಜನ್ ತುಂಬಿರುತ್ತದೆ. ಒಟ್ಟು ಒತ್ತಡದ ಬಹುಪಾಲನ್ನು ಹೈಡ್ರೋಜನ್ನೇ ಹೊತ್ತುಕೊಳ್ಳುವುದರಿಂದ ಅಮೋನಿಯದ ಪಾಲಿನ ಒತ್ತಡ ತೀರಾ ಇಳಿಯುತ್ತದೆ. ಒತ್ತಡ ಇಳಿದರೆ ದ್ರವ ಕಡಿಮೆ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಮುತ್ತಲಿನಿಂದ ಕಸಿದುಕೊಳ್ಳುತ್ತದೆ. ಡಬ್ಬಿಯೊಳಗಿನ ಮೊಸರು ತಣ್ಣಗಾಗುವುದು ಆಗ. ಅಮೋನಿಯ ಬೆರೆತ ಹೈಡ್ರೋಜನ್ ಭಾರವಾಗಿ ಕೆಳಗಿಳಿಯುತ್ತದೆ, ಅಲ್ಲಿ ಹರಿದುಬರುವ ನೀರು ಅಮೋನಿಯವನ್ನು ಹೀರಿಕೊಳ್ಳುತ್ತದೆ, ಹಗುರಾದ ಹೈಡ್ರೋಜನ್ ಮತ್ತೆ ಮೇಲೇರುತ್ತದೆ. ಅಮೋನಿಯ ತುಂಬಿಕೊಂಡ ನೀರು ಜ್ವಾಲೆಯ ಬಳಿಗೆ ಹಿಂದಿರುಗುತ್ತದೆ.

ಈ ಚಕ್ರದಲ್ಲಿ ದ್ರವವನ್ನು ಕೆಳಗಿಳಿಸುವ ಕೆಲಸವೆಲ್ಲ ಗುರುತ್ವಾಕರ್ಷಣೆಯದು. ಎರಡು ಎಚ್ಚರಿಕೆಗಳು ಹುಟ್ಟುವುದು ಇದರಿಂದಲೇ. ಮೊದಲನೆಯದು ಸಮಯ. ಕಂಪ್ರೆಸರ್ ಫ್ರಿಜ್ ಎರಡು ಮೂರು ಗಂಟೆಯಲ್ಲಿ ಮುಟ್ಟುವ ತಂಪಿಗೆ ಇದಕ್ಕೆ ಒಂದು ರಾತ್ರಿ ಪೂರ್ತಿ ಬೇಕು. ಆದ್ದರಿಂದ ಹೊರಡುವ ಹಿಂದಿನ ದಿನ, ಸಾಧ್ಯವಾದರೆ ಇಪ್ಪತ್ತನಾಲ್ಕು ಗಂಟೆ ಮುಂಚೆ, ಖಾಲಿ ಫ್ರಿಜ್ಜನ್ನು ಚಾಲೂ ಮಾಡಬೇಕು. ಒಳಗೊಂದು ಥರ್ಮಾಮೀಟರ್ ಇಟ್ಟು, 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತೆಂದು ಖಚಿತವಾದ ಮೇಲೆ, ಮನೆಯ ಫ್ರಿಜ್ಜಿನಲ್ಲಿ ಆಗಲೇ ತಣ್ಣಗಾಗಿರುವ ಪದಾರ್ಥಗಳನ್ನೇ ತುಂಬಬೇಕು. ಬಿಸಿ ಸಾರಿನ ಪಾತ್ರೆ ಇಟ್ಟರೆ ಅದನ್ನು ತಣಿಸುವುದರಲ್ಲೇ ಅದರ ಅರ್ಧ ದಿನ ಕಳೆದುಹೋಗುತ್ತದೆ. ಗಾಳಿಯಾಡಲು ನಡುನಡುವೆ ಜಾಗವನ್ನೂ ಬಿಡಬೇಕು.

ಎರಡನೆಯದು ಮಟ್ಟ. ಟ್ರೇಲರ್ ಓರೆಯಾಗಿ ನಿಂತರೆ ದ್ರವ ಇಳಿಯದೆ ಅಲ್ಲಲ್ಲೇ ಮಡುಗಟ್ಟುತ್ತದೆ. ಜ್ವಾಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಉಕ್ಕು ತುಕ್ಕು ಹಿಡಿಯದಿರಲೆಂದು ದ್ರಾವಣಕ್ಕೆ ಸೇರಿಸಿದ ಸೋಡಿಯಂ ಕ್ರೋಮೇಟ್ ಅತಿಯಾದ ಶಾಖಕ್ಕೆ ಗಟ್ಟಿಯಾಗಿ ಸಪೂರ ಕೊಳವೆಯನ್ನು ಕಟ್ಟಿಬಿಡುತ್ತದೆ. ಹಾಗಾದ ಫ್ರಿಜ್ ಮತ್ತೆ ತಂಪು ಕೊಡುವುದಿಲ್ಲ. ಸಾಮಾನ್ಯವಾಗಿ ತಯಾರಕರು ಒಪ್ಪುವ ಓರೆ ಒಂದು ದಿಕ್ಕಿನಲ್ಲಿ ಸುಮಾರು 3 ಡಿಗ್ರಿ, ಇನ್ನೊಂದರಲ್ಲಿ 6. ಚಲಿಸುವಾಗ ದ್ರವ ಅತ್ತಿತ್ತ ತುಳುಕುತ್ತಲೇ ಇರುವುದರಿಂದ ತೊಂದರೆ ಇಲ್ಲ, ನಿಂತಾಗಲೇ ಅಪಾಯ. ಮನೆಯ ಮುಂದಿನ ಇಳಿಜಾರಿನಲ್ಲಿ ಹಿಂದಿನ ರಾತ್ರಿ ಫ್ರಿಜ್ ಹಾಕುವಾಗಲೂ ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡಲೇಬೇಕು.

ಹೊಸ ಟ್ರೇಲರ್‌ಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್‌ಗಳೂ ಬರುತ್ತಿವೆ. ಅವು ಬೇಗ ತಣಿಯುತ್ತವೆ, ಓರೆಗೆ ಅಷ್ಟಾಗಿ ಅಂಜುವುದಿಲ್ಲ. ಆದರೆ ಗ್ಯಾಸಿನ ಹೊರೆಯನ್ನು ಬ್ಯಾಟರಿಯ ತಲೆಗೆ ಕಟ್ಟುತ್ತವೆ. ನಿಮ್ಮದು ಯಾವುದೆಂದು ಮೊದಲೇ ತಿಳಿದಿರಬೇಕು.

ಬ್ಯಾಟರಿ ಸೋತರೆ ಗ್ಯಾಸೂ ಸೋತಂತೆ

ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿಗೆ ಬ್ಯಾಟರಿ ಏಕೆ ಬೇಕು? ಜ್ವಾಲೆ ಹೊತ್ತಿಸುವ ಕಿಡಿ, ಗ್ಯಾಸಿನ ಕವಾಟ ತೆರೆಯುವ ಆಜ್ಞೆ, ಜ್ವಾಲೆ ಆರಿದರೆ ಕವಾಟ ಮುಚ್ಚುವ ಕಾವಲು, ಇವೆಲ್ಲ 12 ವೋಲ್ಟಿನ ಸರ್ಕ್ಯೂಟ್ ಬೋರ್ಡಿನ ಕೆಲಸ. ಸಿಲಿಂಡರ್ ತುಂಬಿದ್ದರೂ ಬ್ಯಾಟರಿ ಸತ್ತರೆ ಫ್ರಿಜ್ ನಿಲ್ಲುತ್ತದೆ.

ಇದು ಇನ್ನೂ ಚೆನ್ನಾಗಿ ಕಾಣುವುದು ಫರ್ನೇಸಿನಲ್ಲಿ. ಟಾಹೋ ಸರೋವರ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಮೇ ಕೊನೆಯಲ್ಲೂ ಅಲ್ಲಿ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಕೋಣೆ ತಣ್ಣಗಾದಾಗ ಥರ್ಮೋಸ್ಟಾಟ್ ಮೊದಲು ಫ್ಯಾನ್ ತಿರುಗಿಸುತ್ತದೆ. ಫ್ಯಾನಿನ ಗಾಳಿಯ ದಾರಿಯಲ್ಲಿ ಒಂದು ಪುಟ್ಟ ತಗಡಿನ ರೆಕ್ಕೆ ಇದೆ. ಗಾಳಿ ರಭಸವಾಗಿ ಬಂದು ಆ ರೆಕ್ಕೆಯನ್ನು ತಳ್ಳಿದರೆ ಮಾತ್ರ ಸ್ವಿಚ್ ಕೂಡಿಕೊಂಡು, ಕಿಡಿ ಹಾರಿ, ಗ್ಯಾಸ್ ಬಿಡುಗಡೆಯಾಗುತ್ತದೆ. ಗಾಳಿಯಾಡದ ಕಡೆ ಬೆಂಕಿ ಹೊತ್ತದಿರಲಿ ಎಂಬ ರಕ್ಷಣೆ ಇದು. ಬ್ಯಾಟರಿ ದುರ್ಬಲವಾಗಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ನಿಧಾನವಾಗಿ. ರೆಕ್ಕೆ ಅಲುಗದು, ಗ್ಯಾಸ್ ಬಾರದು. ಒಳಗಿದ್ದವರಿಗೆ ಬರುವುದು ತಣ್ಣನೆಯ ಗಾಳಿ ಮಾತ್ರ.

ಲೆಕ್ಕ ಹಾಕಿ ನೋಡೋಣ. ಫರ್ನೇಸಿನ ಫ್ಯಾನ್ ಸುಮಾರು 7 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ತಿರುಗಿದರೂ 35 ಆಂಪಿಯರ್-ಅವರ್ ಖರ್ಚು. ಟ್ರೇಲರಿನ ಸಾಧಾರಣ ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯ 80ರ ಆಸುಪಾಸು. ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅದರಲ್ಲಿ ಅರ್ಧ, ಅಂದರೆ 40. ಒಂದೇ ಚಳಿಯ ರಾತ್ರಿ ಅದನ್ನು ಬರಿದುಮಾಡಬಲ್ಲದು. ಹೊರಡುವ ಮುನ್ನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕೆಲ ಗಂಟೆ ಹಾಗೇ ಬಿಟ್ಟು ಮೀಟರಿನಿಂದ ಅಳೆಯಿರಿ. 12.6 ವೋಲ್ಟಿಗಿಂತ ತುಸು ಮೇಲಿದ್ದರೆ ತುಂಬಿದೆ, 12.1ರ ಹತ್ತಿರವಿದ್ದರೆ ಅರ್ಧ ಖಾಲಿ.

ಗ್ಯಾಸ್: ನಿಧಾನವೇ ಸುರಕ್ಷೆ

ಭಾರತದ ಅಡುಗೆ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅಮೆರಿಕದ ಟ್ರೇಲರ್‌ಗಳಲ್ಲಿ ಪ್ರೊಪೇನನ್ನೇ ಬಳಸುತ್ತಾರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಹಿಮ ಬೀಳುವ ದೇಶಕ್ಕೆ ಅದೇ ಸರಿ. ಸಾಮಾನ್ಯ ಸಿಲಿಂಡರಿನಲ್ಲಿ ಸುಮಾರು 9 ಕಿಲೋ ಗ್ಯಾಸ್ ಹಿಡಿಯುತ್ತದೆ. ಫ್ರಿಜ್ ಒಂದಕ್ಕೇ ಆದರೆ ಅದು ಹತ್ತು ದಿನಕ್ಕೂ ಹೆಚ್ಚು ಬರುತ್ತದೆ. ಫರ್ನೇಸ್ ಎಡೆಬಿಡದೆ ಉರಿದರೆ ಒಂದು ದಿನಕ್ಕೂ ಸಾಲದು.

ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತಿರುಗಿಸಬೇಕು. ಕೊಳವೆ ತುಂಡಾದರೆ ಗ್ಯಾಸ್ ನುಗ್ಗದಂತೆ ತಡೆಯುವ ಒಂದು ಸಾಧನ ಜೋಡಣೆಯಲ್ಲೇ ಅಡಗಿದೆ. ಧಡಕ್ಕನೆ ತೆರೆದರೆ ಅದು ಕೊಳವೆಯೇ ತುಂಡಾಯಿತೆಂದು ಬಗೆದು ದಾರಿ ಕಟ್ಟುತ್ತದೆ, ಒಲೆ ಮಿಣುಕುತ್ತದೆ. ಆಗ ಕವಾಟ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೆರೆದರೆ ಸರಿಹೋಗುತ್ತದೆ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಚಳಿಗಾಲದ ನಂತರ ಮೊದಲ ಸಲ ಗ್ಯಾಸ್ ತೆರೆದಾಗ ಮಾತ್ರ ಫ್ರಿಜ್ಜಿಗೂ ಮುನ್ನ ಅಡುಗೆ ಒಲೆಯನ್ನು ಹೊತ್ತಿಸಬೇಕು. ಚಳಿಗಾಲದಲ್ಲಿ ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ಅಲ್ಲಿಂದ ಹೊರಹೋಗಿ, ಜ್ವಾಲೆ ನೀಲಿಯಾಗಿ ನಿಂತ ಮೇಲೆ ಫ್ರಿಜ್, ಗೀಸರ್, ಫರ್ನೇಸ್‌ಗಳ ಸರದಿ. ಅವುಗಳ ಹೊರಗಂಡಿಗಳಲ್ಲಿ ಜೇಡರ ಬಲೆ, ಮಣ್ಣುಕಣಜದ ಗೂಡು ಇದ್ದರೆ ತೆಗೆಯಿರಿ. ಗಾಳಿಯ ದಾರಿ ಕಟ್ಟಿದರೆ ಜ್ವಾಲೆ ಹಳದಿಯಾಗಿ, ಮಸಿ ಹಿಡಿದು, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅಷ್ಟು ಚಿಕ್ಕ ಕೋಣೆಯಲ್ಲಿ ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಅದರ ಅಲಾರಂ ಗುಂಡಿ ಒತ್ತಿ ಪರೀಕ್ಷಿಸುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲ ಹಿಡಿದು ಹರಡುತ್ತದೆ. ಅದರ ಅಲಾರಂ ನೆಲಕ್ಕೆ ಹತ್ತಿರ ಇರುವುದು ಇದಕ್ಕೇ. ಅದರ ಮುಂದೆ ಚೀಲ, ಚಪ್ಪಲಿ ಒಟ್ಟಬಾರದು. ಎರಡಕ್ಕೂ ಆಯುಸ್ಸಿದೆ, ಬೆನ್ನಿನ ಮೇಲಿನ ದಿನಾಂಕ ನೋಡಿ. ಚಳಿಯೆಂದು ಅಡುಗೆ ಒಲೆ ಹಚ್ಚಿಟ್ಟು ಮೈ ಕಾಯಿಸುವುದಂತೂ ಕೂಡದು. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಎಲ್ಲ ಜ್ವಾಲೆಗಳೂ ಆರಿರಬೇಕು. ಬಾಗಿಲು ಮುಚ್ಚಿಯೇ ಇಟ್ಟರೆ ತಣ್ಣಗಾದ ಫ್ರಿಜ್ ಕೆಲವು ಗಂಟೆ ಹಾಗೇ ತಾಳುತ್ತದೆ, ಆದ್ದರಿಂದ ದಾರಿಯುದ್ದಕ್ಕೂ ಸಿಲಿಂಡರ್ ಮುಚ್ಚಿ ಸಾಗುವುದೇ ಲೇಸು.

ನೀರು ಮೊದಲು, ಶಾಖ ಆಮೇಲೆ

ಚಳಿಗಾಲಕ್ಕೆ ಮುನ್ನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಬಿರುಕು ಬಿಡದಿರಲೆಂದು ನೀರನ್ನು ಹೊರಹಾಕಿ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುತ್ತಾರೆ. ಆಗ ಗೀಸರನ್ನು ಖಾಲಿ ಮಾಡಿ, ಒಂದು ಕವಾಟ ತಿರುಗಿಸಿ ಅದನ್ನು ದಾರಿಯಿಂದ ಹೊರಗಿಡುತ್ತಾರೆ. ವಸಂತದಲ್ಲಿ ಮೊದಲು ಕೊಳವೆಗಳನ್ನು ತೊಳೆಯಬೇಕು. ಆಮೇಲೆ ಟ್ಯಾಂಕಿನ ಪ್ರತಿ ಲೀಟರ್ ನೀರಿಗೆ ಸುಮಾರು 1 ಮಿಲಿಲೀಟರ್ ವಾಸನೆಯಿಲ್ಲದ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳಲ್ಲೂ ಹರಿಸಿ, ಕೆಲ ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಬೇಕು. ಕೊನೆಗೆ ಗೀಸರಿನ ಕವಾಟವನ್ನು ಹಿಂದಕ್ಕೆ ತಿರುಗಿಸುವುದು.

ಟ್ರೇಲರಿನ ಸಾಮಾನ್ಯ ಗೀಸರ್ ಹಿಡಿಯುವುದು 23 ಲೀಟರಿನಷ್ಟು ನೀರು. ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬುಸುಗುಟ್ಟುತ್ತದೆ. ಬುಸುಗುಟ್ಟುವುದು ನಿಂತು ನೀರು ಒಂದೇ ಸಮನೆ ಹರಿದಮೇಲೆ ಸ್ವಿಚ್ ಹಾಕಿ. ಗ್ಯಾಸಿನ ಜೊತೆಗೆ ವಿದ್ಯುತ್ತಿನಲ್ಲೂ ನಡೆಯುವ ಗೀಸರಿನಲ್ಲಿ ಒಂದು ಕಾಯಿಲ್ ಇರುತ್ತದೆ; ಅದು ತನ್ನ ಶಾಖವನ್ನು ನೀರಿಗೆ ದಾಟಿಸುತ್ತಲೇ ಉಳಿದುಕೊಳ್ಳುವ ವಸ್ತು. ನೀರಿಲ್ಲದಿದ್ದರೆ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ.

ಶಿಬಿರದ ಜಾಗದಲ್ಲಿ ವಿದ್ಯುತ್ ಸಂಪರ್ಕ ಸಿಕ್ಕರೂ ಅದಕ್ಕೊಂದು ಮಿತಿಯಿದೆ. ಅಮೆರಿಕದ 120 ವೋಲ್ಟಿನಲ್ಲಿ 30 ಆಂಪಿಯರ್ ಎಂದರೆ 3,600 ವಾಟ್. ಏಸಿ ಸುಮಾರು 1,500, ಗೀಸರಿನ ಕಾಯಿಲ್ 1,440. ಇವೆರಡರ ಜೊತೆಗೆ ಮೈಕ್ರೊವೇವ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಗೀಸರನ್ನು ಗ್ಯಾಸಿಗೆ ತಿರುಗಿಸಿದರೆ ಸಮಸ್ಯೆ ತೀರಿತು.

ಮನೆಯಂಗಳದಲ್ಲಿ ಒಂದು ರಾತ್ರಿ

ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸಲು ಒಳ್ಳೆಯ ದಾರಿಯೆಂದರೆ ಹೊರಡುವ ವಾರಕ್ಕೆ ಮುಂಚೆ ಮನೆಯಂಗಳದಲ್ಲೇ ಟ್ರೇಲರಿನಲ್ಲಿ ಒಂದು ರಾತ್ರಿ ಮಲಗುವುದು. ಮನೆಯಿಂದ ವೈರ್ ಎಳೆಯದೆ, ಬ್ಯಾಟರಿ ಮತ್ತು ಗ್ಯಾಸಿನ ಮೇಲೆಯೇ ಎಲ್ಲವನ್ನೂ ನಡೆಸಿ. ಅಡುಗೆ ಮಾಡಿ, ಸ್ನಾನ ಮಾಡಿ, ಫರ್ನೇಸ್ ಹಾಕಿ. ಬೆಳಿಗ್ಗೆ ಫ್ರಿಜ್ಜಿನ ಉಷ್ಣತೆ, ಬ್ಯಾಟರಿಯ ವೋಲ್ಟ್, ಟ್ಯಾಂಕಿನ ನೀರು ಮೂರನ್ನೂ ಬರೆದಿಟ್ಟುಕೊಳ್ಳಿ. ಸೋರುವ ನಲ್ಲಿ, ಹೊತ್ತದ ಜ್ವಾಲೆ ಏನಿದ್ದರೂ ಹತ್ತು ಹೆಜ್ಜೆ ದೂರದಲ್ಲಿ ಮನೆಯಿರುವಾಗಲೇ ಗೊತ್ತಾಗಲಿ.

ಸರೋವರದ ದಡದಲ್ಲಿ ರಾತ್ರಿ ಎರಡು ಗಂಟೆಗೆ ಫರ್ನೇಸ್ ತಣ್ಣನೆಯ ಗಾಳಿ ಊದತೊಡಗಿತು ಎನ್ನಿ. ಒಳಗಿನ ವಿಜ್ಞಾನ ಗೊತ್ತಿಲ್ಲದವರು ಟಾರ್ಚ್ ಹಿಡಿದು ಗ್ಯಾಸ್ ಸಿಲಿಂಡರಿನ ಕಡೆ ಓಡುತ್ತಾರೆ. ಗೊತ್ತಿರುವವರು ಒಲೆ ಹಚ್ಚಿ ಗ್ಯಾಸ್ ಇದೆಯೆಂದು ಒಂದೇ ಕ್ಷಣದಲ್ಲಿ ಖಚಿತಪಡಿಸಿಕೊಂಡು, ಒಲೆ ಆರಿಸಿ, ಬ್ಯಾಟರಿಗೆ ಮೀಟರ್ ಹಿಡಿಯುತ್ತಾರೆ. 11.8 ಕಂಡರೆ ಟ್ರಕ್ಕಿನ ಎಂಜಿನ್ನಿಂದ ಚಾರ್ಜ್ ಕೊಡುತ್ತಾರೆ. ಫ್ಯಾನ್ ವೇಗ ಹಿಡಿಯುತ್ತದೆ, ತಗಡಿನ ರೆಕ್ಕೆ ಅಲುಗುತ್ತದೆ, ಜ್ವಾಲೆ ಹೊತ್ತುತ್ತದೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯನ್ನೂ ಸಾಮಾನಿನ ಪಟ್ಟಿಯಲ್ಲಿ ಮೊದಲಿಗೆ ಬರೆದುಕೊಳ್ಳಿ. ಮಕ್ಕಳಿಗೂ ಫ್ರಿಜ್ಜಿನ ಬೆನ್ನಿನ ಆ ಮುಚ್ಚಳ ಕಳಚಿ ನೀಲಿ ಜ್ವಾಲೆ ತೋರಿಸಿ, ಒಳಗೆ ಐಸ್ ಹೇಗಾಯಿತೆಂದು ಹೇಳಿ. ಮೂರು ದಿನದ ರಜೆಯಲ್ಲಿ ಕಲಿಯಬಹುದಾದ ಭೌತವಿಜ್ಞಾನದ ಪಾಠಗಳಲ್ಲಿ ಅದಕ್ಕಿಂತ ಚೆಂದದ್ದು ಸಿಗುವುದು ಕಷ್ಟ.